ಕಣಜ ಕಡಿದ ತುಟಿ

ಕುಂದಾದ ಡಬ್ಬಿಯನ್ನು ಗುರುಪುತ್ರಪ್ಪ ಬಿಚ್ಚದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಖಾನಾಪುರದ ತಂಗಿಗೆಂದು ತಂದ ಬೆಳಗಾವಿಯ ಸಿಹಿತಿಂಡಿ, ಕುಂದಾ. ಹೇಗಿದೆಯೋ ನೋಡೋಣವೆಂದು ಮಹಾಂತೇಶ ನಗರದ ತನ್ನ ಮನೆಯ ಗೇಟಿನ ಬಳಿ ನಿಂತು ಒಂದು ಚೂರು ಬಾಯಿಗಿಟ್ಟ. ಆ ಚೂರಿನ ಮೇಲೆ ಆಗಲೇ ಕುಳಿತಿದ್ದ ಕಣಜಕ್ಕೆ ಅದು ಸರಿಬರಲಿಲ್ಲ.

ತುಟಿಗೇ ಕಡಿಯಿತು.

ಅವತ್ತು ಅವನಿಗೆ ಬೇಕಾಗಿದ್ದದ್ದು ಬಾಯಿಯೊಂದೇ. ಕೆಲವು ವರ್ಷಗಳ ಹಿಂದೆ ತಂಗಿ ಶಿವಬಸವ್ವನ ಗಂಡನಿಗೆ ನಾಯಿ ಕಚ್ಚಿದಾಗ ಅವಳು ಗಾಯಕ್ಕೆ ಖಾರದಪುಡಿ ತುಂಬಿದ್ದಳು. ಗುರುಪುತ್ರಪ್ಪ ಕಾರ್ಖಾನೆಯಲ್ಲಿ ಸುರಕ್ಷತೆಯ ಮೇಲ್ವಿಚಾರಕನಾಗಿದ್ದವನು, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದವನು. ಅವಳ ಅತ್ತೆ, ನಾದಿನಿಯರು ಕುಳಿತಿದ್ದ ಪಡಸಾಲೆಯಲ್ಲೇ ಗುಡುಗಿದ್ದ. "ಸಾಬೂನು ಹಚ್ಚಿ ನಳದ ನೀರಾಗ ಚಲೋತ್ನಂಗ ತೊಳಿಬೇಕು, ದವಾಖಾನಿಗೆ ಹೋಗಿ ಸೂಜಿ ಮಾಡಸ್ಬೇಕು. ಇಷ್ಟೂ ಗೊತ್ತಿಲ್ಲಾ? ತಲಿಯಾಗ ಮಿದುಳ ಐತೋ, ಶೇಂಗಾ ಹಿಂಡಿ ಐತೋ?"

ಹೇಳಿದ್ದು ಸರಿಯೇ ಇತ್ತು. ತಂಗಿಯ ಗಂಡ ಉಳಿದದ್ದೂ ಅದರಿಂದಲೇ. ಆದರೆ ನಾದಿನಿಯರು ನಕ್ಕ ಆ ನಗು ತಂಗಿಯ ಎದೆಯಲ್ಲಿ ಉಳಿದುಬಿಟ್ಟಿತು. ಅಂದಿನಿಂದ ಹೋಗುವುದು ಬರುವುದು ನಿಂತಿತು.

ನಾಳೆ ಅವಳ ಮಗಳು ಸೃಷ್ಟಿಯ ನಿಶ್ಚಿತಾರ್ಥ. ಸೋದರಮಾವನಿಗೆ ಕರೆ ಇಲ್ಲ. ಸೃಷ್ಟಿಯೇ ಕದ್ದು ಫೋನು ಮಾಡಿದ್ದಳು. "ಮಾಮಾ, ಅವ್ವನ ಮುಂದ ಬಂದು ನಿಮ್ಮ ಬಾಯಿಲೆ ಒಮ್ಮಿ ತಪ್ಪಾತು ಅನ್ರಿ. ಆಕಿಗೆ ಅಷ್ಟ ಸಾಕಂತ. ನೀವಿಲ್ದ ನಾ ಹೆಂಗ ಮಣಿ ಮ್ಯಾಲ ಕುಂದರ್ಲಿ?"

ಹೆಂಡತಿ ರೇಣವ್ವ ಬೆಳಗಿನಿಂದ ಪಾಠ ಹೇಳಿಕೊಟ್ಟಿದ್ದಳು. "ತಪ್ಪಾತು ಅನ್ರಿ, ಬಾಯಿ ಮುಚ್ಚರಿ. ಅದರ ಹಿಂದ ಮುಂದ ಏನೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ಈಗ ಆ ತುಟಿ ನೋಡನೋಡುತ್ತಲೇ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು. ತೊಳೆಯಬೇಕು, ತಣ್ಣಗಿನದೇನಾದರೂ ಇಡಬೇಕು. ಅವನಿಗೆ ಎಲ್ಲ ಗೊತ್ತಿತ್ತು. ಹೇಳಲು ಹೋದರೆ "ಥೊಹ್ಹೊ... ಥೊಹ್ಹೊ" ಎಂದಷ್ಟೇ ಹೊರಟಿತು.

"ಪಾಪ, ಉರಿಗೆ ಬಡಬಡಸಾಕತ್ತಾರ," ಎಂದು ರೇಣವ್ವ ಎಲೆಯಡಿಕೆಯ ಸುಣ್ಣ ಬಳಿದಳು. ಪಕ್ಕದ ಮನೆಯ ಚಾಂದಬೀ ಹೆಚ್ಚುತ್ತಿದ್ದ ಈರುಳ್ಳಿಯನ್ನು ಹಿಡಿದುಕೊಂಡೇ ಓಡಿಬಂದಳು.

"ಸುಣ್ಣ ಯಾಕ ಹಚ್ಚಿದ್ರಿ ಭಾಬಿ? ಉಳ್ಳಾಗಡ್ಡಿ ತಿಕ್ಕಬೇಕ್ರಿ! ನಮ್ಮ ಮಜೀದಗ ಕಡದಾಗ ಹಿಂಗ ತಿಕ್ಕಿದ್ನಿ, ಹಂಗ ಇಳೀತು."

ಎದುರುಮನೆಯ ವಿನಯ ಟೂತ್‌ಪೇಸ್ಟ್ ಹಿಂಡಿಯೇಬಿಟ್ಟ. "ತಂಪ ಆಗ್ತೈತ್ರಿ ಕಾಕಾ." ಗುರುಪುತ್ರಪ್ಪ ಎರಡೂ ಕೈ ಬೀಸಿ ಬೇಡ ಬೇಡವೆಂದ. ಗಾಳಿ ಹಾಕಿಕೊಳ್ಳುತ್ತಿದ್ದಾನೆಂದು ತಿಳಿದು ಅವರು ಬೀಸಣಿಗೆ ತಂದರು. ಬಸ್ಸಿಗೆ ಹೊತ್ತಾಯಿತೆಂದು ಅವನೊಬ್ಬನನ್ನೇ ಹಾಗೆಯೇ ಆಟೋ ಹತ್ತಿಸಿದರು. ಚಾಂದಬೀ ಮಾತ್ರ ಕುಂದಾದ ಡಬ್ಬಿಗೆ ಬಿಗಿಯಾಗಿ ದಾರ ಸುತ್ತಿ ಅವನ ತೊಡೆಯ ಮೇಲಿಟ್ಟಳು. "ಇನ್ನ ಇದನ್ನ ಬಿಚ್ಚಬ್ಯಾಡ್ರಿ ಭಾಯಿ."

ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಮುದುಕರೊಬ್ಬರು "ಅರೇ ದೇವಾ!" ಎಂದು ಮರುಗಿ, ಕಬ್ಬಿಣ ವಿಷ ಎಳೆಯುತ್ತದೆಂದು ತಮ್ಮ ಮನೆಯ ಕೀಲಿಕೈಯನ್ನು ಖಾನಾಪುರದವರೆಗೂ ಅವನ ತುಟಿಗೆ ತಿಕ್ಕಿದರು.

ಬಾಗಿಲು ತೆರೆದ ಶಿವಬಸವ್ವನಿಗೆ ಅಣ್ಣನನ್ನು ಗುರುತಿಸಲು ತುಸು ಹೊತ್ತೇ ಹಿಡಿಯಿತು. ಮುಖ ಅರ್ಧ ಸುಣ್ಣ ಹೊಡೆದು ಬಿಟ್ಟ ಗೋಡೆಯ ಹಾಗಿತ್ತು.

"ಥಹ್ಹಾಥು... ಥಹ್ಹಾಥು," ಎಂದ ಗುರುಪುತ್ರಪ್ಪ.

"ಏನಂತಿಯೋ ಅಣ್ಣಾ, ತಿಳಿವಲ್ತು. ಹುಳ ಕಡದೈತೇನು? ಮದಲ ಇದನ್ನ ಹೇಳು, ಉಸಿರಾಡಾಕ ತ್ರಾಸ ಇಲ್ಲಲ್ಲ? ನಾಲಗಿ, ಗಂಟಲ ಬಾತಿಲ್ಲಲ್ಲ?"

ಅವನು ಬೆರಗಿನಿಂದ ಇಲ್ಲವೆಂದು ತಲೆಯಾಡಿಸಿದ. ಅವಳು ಅವನ ಕೈಯ ಕುಂದಾದ ಡಬ್ಬಿ ತೆಗೆದಿಟ್ಟು, ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ, ಸುಣ್ಣ, ಈರುಳ್ಳಿ, ಪೇಸ್ಟು ಎಲ್ಲವನ್ನೂ ಸಾಬೂನು ಹಚ್ಚಿ ಮೆತ್ತಗೆ ತೊಳೆದಳು. ಫ್ರಿಜ್ಜಿನಿಂದ ಐಸ್ ತಂದು ತುಟಿಗೆ ಹಿಡಿದಳು. ಚಿಕ್ಕಂದಿನಲ್ಲಿ ಅವನ ಮೊಣಕಾಲು ತೊಳೆಯುತ್ತಿದ್ದದ್ದೂ ಅದೇ ಕೈ.

"ಅವತ್ತ ನೀ ಬೈದ ಮ್ಯಾಲ ಭಾಳ ಅತ್ನಿ," ಎಂದಳು ಮುಖ ನೋಡದೆ. "ಆಮ್ಯಾಲ ದವಾಖಾನಿ ನರ್ಸಬಾಯಿ ಕಡೆ ಹೋಗಿ ಎಲ್ಲಾ ಕಲತ್ನಿ. ಅಣ್ಣ ಬಂದಾಗ ತೋರಸ್ಬೇಕಂತ. ನೀ ಬರಲೇ ಇಲ್ಲ."

ಗುರುಪುತ್ರಪ್ಪನ ಕಣ್ಣು ತುಂಬಿತು. ತಂಪಿಗೆ ತುಟಿ ಇಳಿಯತೊಡಗಿತ್ತು. ಬಾಗಿಲ ಸಂದಿಯಿಂದ ಸೃಷ್ಟಿ ಸನ್ನೆ ಮಾಡಿದಳು, ಈಗ ಹೇಳ್ರಿ. ತುಟಿ ಅಲ್ಲಾಡಿಸಿ ನೋಡಿದ. ಮಾತು ಬರುವಂತಿತ್ತು. ಬಾಯಿ ತೆರೆದ.

"ಬಸವ್ವಾ, ಐಸ ಹಿಂಗ ಸೀದಾ ಇಡಬಾರದು. ಬಟ್ಟ್ಯಾಗ ಸುತ್ತಿ ಇಡಬೇಕು. ಇಷ್ಟೂ ಗೊತ್ತಿಲ್ಲಾ?"

ಕಾರ್ಖಾನೆಯಲ್ಲಿ ದಿನಾ ಹೇಳಿ ಹೇಳಿ ಸವೆದ ಮಾತು, ಅವನನ್ನು ಕೇಳದೆಯೇ ಹೊರಬಿದ್ದಿತ್ತು. ಸೃಷ್ಟಿ ಹಣೆ ಹಿಡಿದುಕೊಂಡಳು.

ಶಿವಬಸವ್ವ ಒಳಗೆ ಹೋಗಿ ಒಗೆದಿಟ್ಟ ಟವೆಲು ತಂದಳು. ಐಸನ್ನು ಅದರಲ್ಲಿ ನೀಟಾಗಿ ಸುತ್ತಿ ಅವನ ಕೈಗೆ ಕೊಟ್ಟಳು. "ಖರೇ ಐತಿ ಅಣ್ಣಾ. ನಿನ್ನ ಮಾತ ಯಾವಾಗ್ಲೂ ಖರೇನ ಇರ್ತೈತಿ. ಬೆಳಗಾವಿ ಬಸ್ಸಿನ ಹೊತ್ತಾತು ನೋಡು."

ಅವನು ಹೊಸ್ತಿಲಲ್ಲಿ ನಿಂತ. ನೆಟ್ಟಗಾಗಿದ್ದ ತುಟಿಗೆ ಮತ್ತೆ ಟವೆಲು ಒತ್ತಿಕೊಂಡ. ಕುಂದಾದ ಡಬ್ಬಿಯನ್ನು ಅವಳು ಹಿಂದಕ್ಕೆ ಕೊಡಲಿಲ್ಲ. ಅಷ್ಟೊಂದೇ ಸಮಾಧಾನವನ್ನು ಕಟ್ಟಿಕೊಂಡು ಬಸ್ಸು ಹತ್ತಿದ.

ಪೀರನವಾಡಿ ಬರುವ ಹೊತ್ತಿಗೆ ಐಸೆಲ್ಲ ಕರಗಿ ಟವೆಲಿನಿಂದ ತೊಟ್ಟಿಕ್ಕುತ್ತಿತ್ತು. ಕಿಟಕಿಯತ್ತ ನೋಡುತ್ತ ಗುರುಪುತ್ರಪ್ಪ, ಒಂದಕ್ಷರವೂ ತೊದಲದೆ ಹೇಳಿದ.

"ತಪ್ಪಾತು, ತಂಗಿ."

ಮುಂದಿನ ಸೀಟಿನಲ್ಲಿದ್ದ ಹೆಣ್ಣುಮಗಳು ತಿರುಗಿ ನೋಡಿದಳು. ಕೆಳಗಿಟ್ಟಿದ್ದ ತನ್ನ ಒದ್ದೆ ಚೀಲವನ್ನು ಈಚೆಗೆ ಎಳೆದುಕೊಂಡು ನಕ್ಕಳು.

"ಇರಲಿ ಬಿಡೋ ಅಣ್ಣಾ, ಬರೇ ನೀರ, ಆರತೈತಿ. ಅಷ್ಟಕ್ಕ ಯಾಕ ಅಳ್ತಿ?"