ತಟ್ಟುವಡೆ ಸೆಟ್ಟೂ ನನ್ನ ಟವೆಲ್ಲೂ

ನೆಮ್ಮದಿಯಾಗಿ ಒಂದು ಬಾಯಿ ತಿನ್ನೋಣ ಅಂತ ಕೂತ್ರೆ ಸಾಕು, ಏನಾದ್ರೂ ಒಂದು ಆಗೇ ತೀರ್ತದೆ ನಂಗೆ. ಕೂತ್ರೆ ಅಂತ ಮಾತಿಗೆ ಹೇಳಿದೆ. ಕೂರೋಕೆ ಯಾರ್ ಬಿಡ್ತಾರೆ? ನಾನು ತಮಿಳ್ನಾಡಿನ ಕೊಳತ್ತೂರಿಂದ ಸೇಲಂಗೆ ಓಡೋ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಸೇಲಂ ಸ್ಟ್ಯಾಂಡಲ್ಲಿ ನಮ್ ಬಸ್ಸು ನಿಂತ್ರೆ, ಹಿಂದಿನ ಬಸ್ಸಿನೋನು ಆಗ್ಲೇ ಹಾರನ್ ಒತ್ಕೊಂಡು ಉರುಮ್ತಿರ್ತಾನೆ. ಅಷ್ಟ್ರೊಳಗೆ ನಾನು ಓಡಿಹೋಗಿ, ಸ್ಟ್ಯಾಂಡ್ ಪಕ್ಕದ ತಳ್ಳುಗಾಡಿ ಅಕ್ಕನ ಹತ್ರ ಒಂದು ತಟ್ಟುವಡೆ ಸೆಟ್ ತಿಂದು, ಓಡಿಬರ್ಬೇಕು.

ತಟ್ಟುವಡೆ ಅಂದ್ರೆ ನಮ್ಮ ನಿಪ್ಪಟ್ಟಿನ ತಮ್ಮ, ಸಣ್ಣದು, ತೆಳ್ಳಗೆ. ಒಂದರ ಮೇಲೆ ಕೆಂಪು ಚಟ್ನಿ, ಹಸಿರು ಚಟ್ನಿ ಬಳಿದು, ತುರಿದ ಬೀಟ್ರೂಟು, ಕ್ಯಾರೆಟ್ಟು, ಈರುಳ್ಳಿ ಹಾಕಿ, ಮೇಲೆ ಇನ್ನೊಂದು ಮುಚ್ಚಿದ್ರೆ ಸೆಟ್ಟು. ಕಡಿದ್ರೆ ಕರುಂ ಅನ್ಬೇಕು. ಒಂಚೂರು ತಡ ಮಾಡಿದ್ರೂ ನೆಂದು ಮೆತ್ತಗಾಗ್ತದೆ. ಅದಕ್ಕೇ ಅದಕ್ಕೂ ನಂಗೂ ಒಗ್ಗಿಹೋಯ್ತು, ಇಬ್ರಿಗೂ ನಿಲ್ಲೋಕೆ ಟೈಮಿಲ್ಲ.

ಬಾಯಲ್ಲಿ ವಿಸಿಲ್ಲು

ಒಂದಿನ ಇಡೀ ಸೆಟ್ಟನ್ನ ಬಾಯಿಗೆ ತುರುಕ್ಕೊಂಡಿದ್ದೆ, ಸ್ಟ್ಯಾಂಡಿನ ಟೈಮ್ ಕೀಪರ್ ಬಸ್ಸು ತೆಗೀರಿ ಅಂತ ಮೈಕಲ್ಲಿ ಕಿರುಚೋಕೆ ಶುರುಮಾಡಿದ. ಅಗಿಯೋಕೂ ಬಿಡದೆ ಓಡಿಬಂದು ಮೆಟ್ಲು ಹತ್ತಿದೆ. ಡ್ರೈವರಣ್ಣ ಕನ್ನಡೀಲಿ ನನ್ನೇ ನೋಡ್ತಾವ್ನೆ, ವಿಸಿಲ್ ಊದದೆ ಬಸ್ಸು ಅಲ್ಲಾಡಲ್ಲ. ಬಾಯಲ್ಲಿ ಜಾಗ ಇಲ್ದಿದ್ರೂ ವಿಸಿಲ್ಲನ್ನ ಅದರ ಮೇಲೇ ಇಟ್ಕೊಂಡು ಜೋರಾಗಿ ಊದಿದೆ. ಸದ್ದು ಬರ್ಲಿಲ್ಲ. ಬಂದಿದ್ದು ಬೀಟ್ರೂಟು, ಚಟ್ನಿ, ಎಲ್ಲ ನನ್ನ ಹೊಸ ಬಿಳೀ ಟವೆಲ್ ಮೇಲೆ.

ಮುಂದಿನ ಸೀಟಿನ ಅಮ್ಮ "ಅಯ್ಯೋ, ಕಂಡಕ್ಟರ್ ರಕ್ತ ಕಾರ್ಕೊಂಡ!" ಅಂತ ಬಾಯಿ ಬಡ್ಕೊಂಡ್ರು. ಒಬ್ರು ಕಾಲು ಹಿಡಿದ್ರು, ಒಬ್ರು ತಲೆ ಹಿಡಿದ್ರು, ಸೀಟಲ್ಲಿ ಉದ್ದಕ್ಕೆ ಮಲಗಿಸೇಬಿಟ್ರು. ನಾನು ಕೈ ಆಡಿಸಿದಷ್ಟೂ "ಜೀವ ಒದ್ದಾಡ್ತಾ ಐತೆ, ಪಾಪ" ಅಂತ ಗಟ್ಟಿಯಾಗಿ ಅದುಮಿದ್ರು. ಕೊನೆಗೆ ಹೆಂಗೋ ನುಂಗಿ "ಬೀಟ್ರೂಟು" ಅಂದೆ.

ನೀರಿನ ಬಾಟ್ಲು ಹಿಡ್ಕೊಂಡು ಓಡಿಬಂದಿದ್ದ ಡ್ರೈವರಣ್ಣ ಆ ನೀರನ್ನ ತಾನೇ ಕುಡ್ದು ಅಂದ: "ಲೇ, ಸಾಯೋದಾದ್ರೆ ಟ್ರಿಪ್ಪು ಮುಗ್ಸಿ ಸಾಯ್ಲಾ!"

ಹೆಂಡ್ತಿ ಎಷ್ಟು ಉಜ್ಜಿದ್ರೂ ಆ ಟವೆಲ್ಲಿನ ಕೆಂಪು ಕಲೆ ಹೋಗ್ಲಿಲ್ಲ.

ಆಳಿದ್ರೇ ಸೀಟು

ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋರನ್ನ ಕಂಡ್ರೆ ನಂಗೆ ಮೈಯೆಲ್ಲ ಉರೀತದೆ. ಇತ್ಲಾಗೆ ಟವೆಲ್ಲು ಆರಾಮಾಗಿ ಕೂತಿರ್ತದೆ, ಅತ್ಲಾಗೆ ಯಜಮಾನ ಟೀ ಅಂಗಡೀಲಿ ಊದ್ಕೊಂಡು ಊದ್ಕೊಂಡು ಕುಡೀತಿರ್ತಾನೆ. ಮಗು ಎತ್ಕೊಂಡೋರು ನಿಂತ್ಕೊಂಡೇ ಬರ್ಬೇಕು. "ಆಳಿಲ್ದ ಟವೆಲ್ಗೆ ನಮ್ ಬಸ್ಸಲ್ಲಿ ಸೀಟಿಲ್ಲ!" ಅಂತ ದಿನಾ ಕೂಗ್ತೀನಿ.

ಒಂದಿನ ಸೆಟ್ಟಿನ ಖಾರ ನೆತ್ತಿಗೇರಿತ್ತು. ಅದೇ ಬಿಸೀಲಿ ಬಸ್ಸು ಹತ್ತಿ ಒಂದೊಂದೇ ಟವೆಲ್ ಎಳೆದು ಬಿಸಾಕ್ತಾ ಬಂದೆ. ಹಿಂದಿನ ಸೀಟಿನ ಟವೆಲ್ ಎಳೆದ್ರೆ ಅದರಡಿ ಒಬ್ರು ತಾತ, ಮುಖ ಮುಚ್ಕೊಂಡು ಒಳ್ಳೇ ನಿದ್ದೇಲಿ ಇದ್ರು. ನಮ್ ಕಡೆ ಕುರಿ ಮೇಯಿಸೋ ತಾತ. ಒಂದೇ ಕಣ್ಣು ಬಿಟ್ಟು ನೋಡಿದ್ರು.

"ಟವೆಲ್ಲೂ ನಂದೇ, ಒಳಗಿರೋ ಆಳೂ ನಾನೇ. ಸಾಕೇನಪ್ಪಾ, ಇಲ್ಲ ರೇಷನ್ ಕಾರ್ಡ್ ಬೇಕಾ?"

ನಾನೇ ಮತ್ತೆ ಅವ್ರ ಮುಖಕ್ಕೆ ಟವೆಲ್ ಹೊದಿಸಿ ಬಂದೆ.

ಬಯಕೆ

ಹೆಂಡ್ತಿಗೆ ಆಗ ಏಳು ತಿಂಗ್ಳು. ನಾನು ದಿನಾ ಸೆಟ್ಟಿನ ಪುರಾಣ ಹೇಳಿ ಹೇಳಿ, ಅವಳಿಗೆ ಅದರ ಮೇಲೇ ಬಯಕೆ ಹುಟ್ಕೊಳ್ತು. ಮಾವಿನಕಾಯಿ ತಂದ್ಕೊಟ್ರೂ ಬೇಡ, ಹುಣಸೆಹಣ್ಣು ತಂದ್ಕೊಟ್ರೂ ಬೇಡ, ಸೆಟ್ಟೇ ಬೇಕು. ನಮ್ಮತ್ತೆ ಅಳಿಯನ್ನ ಬಾಗ್ಲಲ್ಲೇ ತಡೆದು "ಮಾಪ್ಳೆ, ಬಸ್ರೀ ಆಸೆ ತೀರ್ಸದಿದ್ರೆ ಮಗೀಗೆ ಕಿವಿ ಸೋರ್ತದೆ. ಆಮೇಲೆ ನನ್ನ ಅನ್ಬೇಡಿ" ಅಂದ್ರು. ನಂಗೆ ನಿಜವಾಗ್ಲೂ ಭಯ ಆಯ್ತು. ಯಾರ ಮಗೀನ ಕಿವಿ ನೋಡಿದ್ರೂ ನನ್ನ ಮಗೀದೇ ಅನ್ನಿಸ್ತಿತ್ತು.

ಗಾಡಿ ಅಕ್ಕನ್ನ ಕೇಳಿದ್ರೆ "ಪಾರ್ಸಲ್ ಕಿಡೆಯಾದು, ತಂಬಿ" ಅಂತ ತಲೆ ಅಡ್ಡಡ್ಡ ಆಡಿಸಿಬಿಟ್ರು. ನಿಂತು ತಿನ್ನೋ ವಸ್ತೂನ ಹೊತ್ಕೊಂಡು ಹೋಗ್ಬಾರ್ದಂತೆ. ಕಾಡಿ ಬೇಡಿ ಕಟ್ಟಿಸ್ಕೊಂಡೆ. ಮನೆ ಸೇರೋ ಹೊತ್ಗೆ ಕರುಂ ಅನ್ನೋದು ಹೋಗಿ ಪಿಚಕ್ ಅಂತಿತ್ತು. ಹೆಂಡ್ತಿ ಒಂದು ಸಲ ಕಚ್ಚಿ, ಕಣ್ಣಲ್ಲಿ ನೀರು ತುಂಬ್ಕೊಂಡು ನನ್ನ ಕೇಳಿದ್ಲು: "ಮಾವ, ಇದ್ಕಾ ನೀನು ದಿನಾ ಓಡೋದು?"

ಬೇರೆ ಬೇರೆ ಕಟ್ಟಿಸಿದ್ದು

ಆಮೇಲೆ ಬುದ್ಧಿ ಓಡಿಸ್ದೆ. ತಟ್ಟುವಡೆ ಒಂದು ಕವರು, ಚಟ್ನಿ ಒಂದು, ತುರಿ ಒಂದು. ಯಾರೂ ಮೇಲೆ ಕೂರ್ಬಾರ್ದು ಅಂತ ಎಲ್ಲಾನೂ ಡ್ರೈವರಣ್ಣನ ಪಕ್ಕದ ಕೊಕ್ಕೆಗೆ ನೇತಾಕಿದೆ. "ಅಣ್ಣ, ಜೋಪಾನ, ಬಸ್ರೀದು" ಅಂದೆ. "ನನ್ ಕಣ್ಣು ಅದ್ರ ಮೇಲೇ ಇರ್ತದೆ ಓಗ್ಲಾ" ಅಂದ.

ಕಣ್ಣು ಮಾತ್ರ ಇದ್ದಿದ್ರೆ ಚೆನ್ನಾಗಿತ್ತು. ಒಂದೊಂದು ಸ್ಟಾಪಿಗೂ ಒಂದೊಂದು ಕರುಂ. ಬ್ರೇಕಿನ ಸದ್ದು ಅಂತ ನಾನು ಅಂದ್ಕೊಂಡಿದ್ದೆ.

ಮನೇಲಿ ಕವರು ಬಿಚ್ಚಿದ್ರೆ ಚಟ್ನೀನೂ ಬೀಟ್ರೂಟೂ ಮಾತ್ರ. ನಮ್ಮತ್ತೆ ಅದನ್ನ ನೋಡಿದ್ರು, ನನ್ನ ನೋಡಿದ್ರು. "ಬೀಟ್ರೂಟ್ ತರೋಕೆ ಸೇಲಂಗೋದ್ರಾ ಮಾಪ್ಳೆ? ನಮ್ ಒಲದಾಗೇ ಕಿತ್ಕೊಡ್ತಿದ್ನಲ್ಲಾ!"

ಆಳಿಲ್ದ ಟವೆಲ್ಲು

ಇನ್ನು ಸೆಟ್ಟು ಅವಳ ಹತ್ರ ಬರಲ್ಲ, ಅವಳೇ ಸೆಟ್ಟಿನ ಹತ್ರ ಹೋಗ್ಬೇಕು. ಡಾಕ್ಟರಮ್ಮನ್ನ ಕೇಳಿದ್ದಕ್ಕೆ "ಹೋಗ್ಬರ್ಲಿ, ಮಿತವಾಗಿ ತಿನ್ಲಿ" ಅಂದ್ರು. ಹೆಂಡ್ತಿ, ಅತ್ತೆ ಇಬ್ರನ್ನೂ ನಮ್ ಬಸ್ಸಲ್ಲೇ ಕರ್ಕೊಂಡು ಬಂದೆ. ವಾಪಸ್ ಹೋಗೋವಾಗ ಇವಳು ನಿಲ್ಬಾರ್ದಲ್ಲ? ಅತ್ಲಾಗೆ ಇತ್ಲಾಗೆ ನೋಡಿ, ಡ್ರೈವರ್ ಹಿಂದಿನ ಸೀಟಿನ ಮೇಲೆ ಮೆಲ್ಲಗೆ ಒಂದು ಟವೆಲ್ ಹಾಸಿದೆ.

ಗಾಡಿ ಹತ್ರ ಹೆಂಡ್ತಿ ಮೊದಲ್ನೇ ಸೆಟ್ ಬಾಯಿಗಿಟ್ಲು. ಕರುಂ! ಕಣ್ಣು ಮುಚ್ಕೊಂಡ್ಲು. ನಂಗೆ ಜೀವ ಬಂದಂಗಾಯ್ತು, ಮಗೀನ ಕಿವಿ ಉಳೀತು ಅನ್ಕೊಂಡೆ. ಆದ್ರೆ ಅವಳು ತಿನ್ನೋ ನಿಧಾನಕ್ಕೆ ನನ್ನ ಕಾಲು ನಿಂತಲ್ಲೇ ಕುಣೀತಿತ್ತು. "ಬೇಗ ತಿನ್ನೇ, ಬೇಗ! ಅತ್ತೆ, ಬೇಗ!" ಟೈಮ್ ಕೀಪರ್ ಮೈಕು ಹಿಡಿದ, ಹಿಂದಿನ ಬಸ್ಸು ಹಾರನ್ ಹೊಡೀತು. "ನನ್ನ ಹಿಂದೇನೇ ಬನ್ನಿ!" ಅಂತ ಓಡಿದೆ. ಮೆಟ್ಲು ಹತ್ತಿ, ಅಭ್ಯಾಸ ನೋಡಿ, "ಎಲ್ಲಾ ಹತ್ತಿದ್ರಾ?" ಅಂತ ಕೂಗಿ, ಉತ್ತರಕ್ಕೂ ಕಾಯದೆ ವಿಸಿಲ್ ಊದಿದೆ.

ಊರು ದಾಟಿದ ಮೇಲೆ ಟಿಕೆಟ್ ಕೊಡ್ತಾ ಮುಂದಕ್ಕೆ ಬಂದೆ. ಬಸ್ಸು ತುಂಬಿ ತುಳುಕ್ತಿದೆ, ಕುರಿ ತಾತ ಕಂಬಿ ಹಿಡ್ಕೊಂಡು ನಿಂತವ್ರೆ. ಅವ್ರ ಮುಂದೇನೇ ಒಂದು ಖಾಲಿ ಸೀಟು, ಅದರ ಮೇಲೊಂದು ಟವೆಲ್ಲು! ನಂಗೆ ಎಲ್ಲಿತ್ತೋ ಕೋಪ.

"ಯಾರ್ದ್ರೀ ಇದು? ಮಾನ ಮರ್ಯಾದೆ ಐತಾ? ವಯಸ್ಸಾದೋರು ನಿಂತವ್ರೆ, ಟವೆಲ್ಲನ್ನ ಕೂರ್ಸಿದ್ದೀರಲ್ಲ!"

ತಾತ ಟವೆಲ್ಲನ್ನ ಎತ್ತಿ, ಬೆಳಕಿಗೆ ಬಿಡಿಸಿ ಹಿಡಿದ್ರು. ನಡುಮಧ್ಯ ಬೀಟ್ರೂಟ್ ಕಲೆ.

ಹೆಂಡ್ತೀನೂ ಅತ್ತೇನೂ ಸ್ಟ್ಯಾಂಡಲ್ಲೇ ಉಳ್ಕೊಂಡವ್ರೆ! ತಕ್ಷಣ ಹೆಂಡ್ತಿಗೆ ಫೋನ್ ಮಾಡ್ದೆ. ಆ ಕಡೆಯಿಂದ ಮೊದ್ಲು ಬಂದಿದ್ದು ಕರುಂ ಕುರುಂ. ಆಮೇಲೆ ಮಾತು: "ನೀನು ಓಗಿದ್ದೇ ಒಳ್ಳೇದಾಯ್ತು ಮಾವ. ಬೇಗ ಬೇಗ ಅನ್ನೋರಿಲ್ಲ, ಗಾಡಿ ಅಕ್ಕ ಸ್ಟೂಲ್ ಕೊಟ್ಟವ್ರೆ. ಮುಂದಿನ ಟ್ರಿಪ್ಪಿಗೆ ಬಾ, ಬರ್ತೀವಿ." ಹಿಂದಿನಿಂದ ನಮ್ಮತ್ತೆ ಗಂಟಲು: "ಅಕ್ಕಾ, ನಂಗಿನ್ನೊಂದು ಸೆಟ್ಟು!"

ಫೋನ್ ಜೇಬಿಗಿಡೋ ಹೊತ್ಗೆ ಬಸ್ಸು ಒಂದು ಸ್ಟಾಪಲ್ಲಿ ನಿಂತಿತ್ತು. ತಾತ ನನ್ನ ಮುಖಾನೇ ನೋಡ್ತಿದ್ರು.

"ಆಳು ಬರಲ್ಲ ತಾನೇ?"

"ಬರಲ್ಲ ತಾತ."

ಅವ್ರು ಟವೆಲ್ಲನ್ನ ಚೆನ್ನಾಗಿ ಮಡಚಿ ನನ್ನ ಹೆಗಲಿಗೆ ಹಾಕಿ, ಸೀಟಲ್ಲಿ ಕಾಲು ಮಡಚ್ಕೊಂಡು ಕೂತು, ಇಡೀ ಬಸ್ಸಿಗೆ ಕೇಳೋ ಹಂಗೆ ಕೂಗಿದ್ರು: "ಆಳಿಲ್ದ ಟವೆಲ್ಗೆ ಈ ಬಸ್ಸಲ್ಲಿ ಸೀಟಿಲ್ಲ! ಊದಪ್ಪಾ ವಿಸಿಲ್ಲು!"