ನಿಜವಾದ ಮದುವೆಗೆ ಪುರಾವೆ

ಮನೆಯ ಮಾತು ಮನೆಯೊಳಗೇ ಇರಬೇಕು ಎಂದು ನಂಬಿದವರು ಯಾವ ದೇಶದ ವೀಸಾಕ್ಕೂ ಅರ್ಜಿ ಹಾಕಬಾರದು. ಇದನ್ನು ನಾನು ತಡವಾಗಿ ಕಲಿತೆ. ರಸಾಯನಶಾಸ್ತ್ರ ಓದಿದವಳಾದ್ದರಿಂದ ಪುರಾವೆ ಕೇಳಿದರೆ ನನಗೆ ಬೇಸರವಿಲ್ಲ. ಆದರೆ ನ್ಯೂಜಿಲೆಂಡಿನವರು ಕೇಳಿದ ಪುರಾವೆಯೇ ಬೇರೆ. ನನ್ನ ಗಂಡ ಮಂಜುನಾಥ ಶಿರಸಿಯ ಗ್ಯಾರೇಜೊಂದರಲ್ಲಿ ಲಾರಿ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವರು, ಎಂಟು ತಿಂಗಳಿಂದ ನ್ಯೂಜಿಲೆಂಡಿನಲ್ಲಿ ಅದೇ ಕೆಲಸದಲ್ಲಿದ್ದಾರೆ. ನಾನೂ ಅಲ್ಲಿಗೆ ಹೋಗಬೇಕಾದರೆ ನಮ್ಮ ದಾಂಪತ್ಯ ನೈಜವಾದದ್ದು, ಸ್ಥಿರವಾದದ್ದು ಎಂದು ದಾಖಲೆ ಸಮೇತ ತೋರಿಸಬೇಕಂತೆ. ಮದುವೆ ನೋಂದಣಿ ಪತ್ರವೊಂದೇ ಸಾಲದಂತೆ.

ಅಂದಿನಿಂದ ಊರಿನ ಸುದ್ದಿ ಬಿಟ್ಟು ಪರದೇಶಗಳ ವಲಸೆ ನೀತಿ ಓದತೊಡಗಿದೆ. ಒಂದು ದೇಶ ವಯಸ್ಸು, ಓದು, ಭಾಷೆಗೆ ಅಂಕ ಕೊಡುತ್ತದೆ. ಇನ್ನೊಂದು ಕಡೆ ಹೆಂಡತಿ ವಿಮಾನ ಹತ್ತುವ ಮೊದಲೇ ಅಲ್ಲಿಯ ಭಾಷೆಯಲ್ಲಿ ಪಾಸಾಗಬೇಕು. ಮತ್ತೊಂದು ದೇಶ, ನಮ್ಮ ವೃದ್ಧರನ್ನು ನೋಡಿಕೊಳ್ಳಲು ಬನ್ನಿ ಎಂದು ಕರೆದು, ನಿಮ್ಮ ಸಂಸಾರವನ್ನು ಮಾತ್ರ ಊರಲ್ಲೇ ಬಿಟ್ಟು ಬನ್ನಿ ಎಂದಿತು. ಕೆಲಸಕ್ಕೆ ಜನ ಸಾಲದು ಎಂದು ಒಂದು ಪಕ್ಷ ವಾದಿಸಿದರೆ, ಬಂದವರಿಗೆ ಮನೆ ಸಾಲದು ಎಂದು ಇನ್ನೊಂದು. ಶಿರಸಿಯಲ್ಲಿ ಬಾಡಿಗೆ ಮನೆ ಹುಡುಕಿದ ನನಗೆ ಎರಡನೆಯವರ ಸಂಕಟವೂ ಅರ್ಥವಾಗುತ್ತದೆ. ಆದರೂ ನ್ಯೂಜಿಲೆಂಡಿನ ಸಂಸತ್ತಿನಲ್ಲಿ ಯಾರೋ ಎದ್ದು ನಿಂತು ನಿಯಮ ಬಿಗಿಯಾಗಬೇಕು ಎಂದರೆ, ಇಲ್ಲಿ ನನ್ನ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ನಮ್ಮ ಪುರಾವೆಗಳ ಸ್ಥಿತಿ ಹೇಳುವಂಥದ್ದಲ್ಲ. ಮದುವೆಯ ಫೋಟೋಗಳಲ್ಲಿ ಇಬ್ಬರೂ ಫೋಟೋಗ್ರಾಫರನ್ನು ನೋಡುತ್ತಿದ್ದೇವೆ. ಮಾಗೋಡಿನಲ್ಲಿ ಇವರು ತೆಗೆದ ಸೆಲ್ಫಿಯಲ್ಲಿ ಜಲಪಾತ ಪೂರ್ತಿ ಇದೆ. ಇವರ ಅರ್ಧ ಮುಖ, ನನ್ನ ಮೊಣಕೈ. ಮನೆ ಬಾಡಿಗೆಯ ಕರಾರು ಬಾಯಿಮಾತಿನದು. ಕೊನೆಗೆ ವಾಟ್ಸಾಪ್ ಸಂದೇಶಗಳನ್ನು ಪ್ರಿಂಟ್ ತೆಗೆಸಿದೆ. ನಲವತ್ತು ಪುಟ. ‘ಊಟ ಆಯ್ತಾ?’ ‘ಆಯ್ತು. ನಿಮ್ದು?’ ‘ಆಯ್ತು.’ ಓದಿದ ಅಧಿಕಾರಿ ನಾವಿಬ್ಬರೂ ಸೇರಿ ಖಾನಾವಳಿ ನಡೆಸುತ್ತಿದ್ದೇವೆ ಎಂದುಕೊಂಡರೆ ಅವರ ತಪ್ಪಲ್ಲ.

ಉಳಿದದ್ದು, ನಮ್ಮನ್ನು ಬಲ್ಲವರ ಹೇಳಿಕೆ. ಪಕ್ಕದ ಮನೆಯ ಜುಬೇದಾ ಆಂಟಿಯನ್ನು ಕೇಳಿದೆ. ನಾವಿಬ್ಬರೂ ಒಂದು ವರ್ಷ ಅನ್ಯೋನ್ಯವಾಗಿದ್ದೆವು ಎಂದು ನಾಲ್ಕು ಸಾಲು ಸಾಕಿತ್ತು. ಅವರು ಹೊಲಿಗೆ ಮಷಿನ್ ನಿಲ್ಲಿಸಿ, “ಬರ್ಕೋ ಬೇಟಾ” ಎಂದರು. “ಇವಳಿಗೆ ಸಿಟ್ಟು ಜಾಸ್ತಿ. ಬಯ್ಯೋದಿಲ್ಲ, ಮಾತೇ ಬಿಡ್ತಾಳೆ. ಅವನು ಗ್ರೀಸ್ ಕೈಯಲ್ಲಿ ಟವೆಲ್ ಮುಟ್ಟಿದ್ರೆ ಮೂರು ದಿನ ಮಾತಿಲ್ಲ.”

“ಆಂಟಿ, ಇದು ಬೇಡ.”

“ಯಾಕೆ ಬೇಡ? ಸುಳ್ಳು ಮದುವೆ ಮಾಡ್ಕೊಂಡೋರು ಟವೆಲ್ಲಿಗೆ ಸಿಟ್ಟು ಮಾಡ್ತಾರಾ? ಅವರಿಗೆಲ್ಲಿ ಪುರುಸೊತ್ತು! ಮುಂದೆ ಬರಿ. ಆ ಮೂರೂ ದಿನ ಅವನು ಗ್ಯಾರೇಜಿಂದ ಮಧ್ಯಾಹ್ನ ನನಗೆ ಫೋನ್ ಮಾಡ್ತಿದ್ದ. ‘ಆಂಟಿ, ಅವಳು ಉಂಡ್ಲಾ, ಒಂಚೂರು ನೋಡಿ ಹೇಳಿ’ ಅಂತ. ನಾನು ಉಪ್ಪಿನಕಾಯಿ ಕೊಡೋ ನೆಪದಲ್ಲಿ ಬಂದು ನಿನ್ನ ತಟ್ಟೆ ನೋಡಿ ಹೋಗ್ತಿದ್ದೆ.”

ನನ್ನ ಪೆನ್ನು ನಿಂತಿತು. ಆಂಟಿಗೆ ನನ್ನ ಮೇಲೆ ವಿಶೇಷ ಮಮತೆ, ಅದಕ್ಕೇ ಅಷ್ಟೊಂದು ಉಪ್ಪಿನಕಾಯಿ ಎಂದು ತಿಳಿದಿದ್ದೆ. ಸುಳ್ಳು ಹೇಳಿಕೆ ಅಪರಾಧ ಎಂದು ಅರ್ಜಿಯಲ್ಲೇ ಬರೆದಿತ್ತು. ಹಾಗಾಗಿ ಒಂದೇ ಒಂದು ತಿದ್ದುಪಡಿ ಕೇಳಿದೆ: “ಮೂರು ದಿನ ಅಲ್ಲ ಆಂಟಿ, ಎರಡೂವರೆ.” ಅವರು ನಗುತ್ತಾ ಸಹಿ ಹಾಕಿದರು.

ಆರು ವಾರಕ್ಕೆ ವೀಸಾ ಬಂತು. ನನ್ನ ಗಂಡನಿಗೆ ನನ್ನ ಮೇಲೆ ಇಷ್ಟು ಅಕ್ಕರೆಯಿದೆ ಎಂಬುದು ನನಗೂ ಆ ಅಧಿಕಾರಿಗೂ ಒಂದೇ ಕಾಗದದಿಂದ ಗೊತ್ತಾಯಿತು. ಅಧಿಕಾರಿ ಅದನ್ನು ಒಪ್ಪಿ ಲಿಖಿತವಾಗಿ ತಿಳಿಸಿಬಿಟ್ಟರು. ಆ ಅಕ್ಕರೆ ನನಗೂ ಗೊತ್ತಾಯಿತು ಎಂದು ನಾನು ಮಾತ್ರ ಇವರಿಗೆ ಈವರೆಗೂ ತಿಳಿಸಿಲ್ಲ. ಎದುರಿಗೇ ಹೇಳೋಣ ಎಂದಿದ್ದೇನೆ. ಹೊರಡಲು ಇನ್ನು ಮೂರು ವಾರವಿದೆ. ಸೂಟ್‌ಕೇಸು ಸಿದ್ಧವಾಗಿದೆ, ವಾಕ್ಯ ಇನ್ನೂ ಆಗಿಲ್ಲ.