ಲಿಂಗಣ್ಣ ಉಳಿದನೋ ಇಲ್ಲವೋ

ಚೀನಾದ ಅರಮನೆಯಲ್ಲಿ ಯಾರು ಯಾರ ಬಟ್ಟಲಿಗೆ ವಿಷ ಹಾಕಿದರು ಎನ್ನುವುದು ಅಲ್ಲಿಯ ಚಕ್ರವರ್ತಿಗಿಂತ ಮೊದಲು ಖಾನಾಪುರದ ನಮ್ಮ ಸೋದರತ್ತೆಗೆ ಗೊತ್ತಾಗುತ್ತದೆ. ಇದರಲ್ಲಿ ಉತ್ಪ್ರೇಕ್ಷೆ ಎಳ್ಳಷ್ಟೂ ಇಲ್ಲ. ಪಾಪ, ಚಕ್ರವರ್ತಿ ಕುಡಿದು ನೆಲಕ್ಕೆ ಬಿದ್ದ ಮೇಲೆ ತಿಳಿದುಕೊಳ್ಳುತ್ತಾನೆ. ನಮ್ಮತ್ತಿ ಮಾತ್ರ ದಾಸಿ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ "ಕುಡೀಬ್ಯಾಡೋ ಮೂಳಾ!" ಎಂದು ಟಿವಿಗೆ ಕೇಳುವ ಹಾಗೆ ಕೂಗಿರುತ್ತಾಳೆ. ಅವನು ಕೇಳಿಸಿಕೊಳ್ಳುವುದಿಲ್ಲ. ದೊರೆಗಳು ಯಾವಾಗ ನಮ್ಮಂಥವರ ಮಾತು ಕೇಳಿದ್ದಾರೆ ಹೇಳಿ?

ಅತ್ತಿ ಎಂದರೆ ನಮ್ಮಪ್ಪನ ತಂಗಿ. ಅರವತ್ತೈದು ದಾಟಿದೆ. ಅವಳಿಗೂ ಅವಳ ಗಂಡ, ನಮ್ಮ ಮಾಮಾನಿಗೂ ಮಕ್ಕಳಿಲ್ಲ. ಹೀಗಾಗಿ ಬೆಳಗಾವಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನೇ ಅವರ ಮಗಳು, ನಾನೇ ಗುಳಿಗೆ ತಂದುಕೊಡುವವಳು, ನಾನೇ ರಿಮೋಟ್ ರಿಪೇರಿಯವಳು. ಜೀವಮಾನವಿಡೀ ಅಡುಗೆಮನೆ, ದೇವರಮನೆ, ಸಂತೆ ಬಿಟ್ಟರೆ ನಾಲ್ಕನೆಯದು ನೋಡದ ಈ ಹೆಂಗಸಿಗೆ ಆರು ತಿಂಗಳ ಹಿಂದೆ ಇದ್ದಕ್ಕಿದ್ದ ಹಾಗೆ ಚೀನಾದ ರಾಜರಾಣಿಯರ ಧಾರಾವಾಹಿಯ ಹುಚ್ಚು ಯಾಕೆ ಹಿಡಿಯಿತೋ ಯಾರಿಗೂ ತಿಳಿಯಲಿಲ್ಲ. ಟಿವಿಗೆ ಇಂಟರ್ನೆಟ್ ಹಚ್ಚಿದರೆ ಹಿಂದಿಯಲ್ಲಿ ಡಬ್ ಆಗಿ ಬರುತ್ತದೆ. ಖಾನಾಪುರದವರಿಗೆ ಕನ್ನಡದಷ್ಟೇ ಮರಾಠಿ ಬರುತ್ತದೆ, ಮರಾಠಿ ಬಂದವರಿಗೆ ಹಿಂದಿ ಏನು ಮಹಾ! ತೊಂದರೆ ಆದದ್ದು ಹೆಸರುಗಳದ್ದು. ಕಥಾನಾಯಕ, ಸೇನಾಪತಿ, ಲಿಂಗ್ ಏನೋ ಒಂದು. ಅತ್ತಿ ಎರಡೇ ದಿನದಲ್ಲಿ ಅವನನ್ನು ಲಿಂಗಣ್ಣ ಮಾಡಿದಳು. ನಾಯಕಿ, ರಾಜವೈದ್ಯನ ಮಗಳು, ವೈ ಅಂತೇನೋ. ಅವಳು ವೈನಿ, ಅಂದರೆ ಅತ್ತಿಗೆ, ಆದಳು. "ಲಿಂಗಣ್ಣ ನಮಗ ಅಣ್ಣ ಆದಮ್ಯಾಲ ಅಕಿ ವೈನೀನ ಆಗಬೇಕಲ್ಲ?" ಎಂದು ಅತ್ತಿ ಕೇಳಿದಾಗ ಎಂ.ಎ. ಮಾಡಿದ ನಾನೂ ಹೌದೆಂದು ತಲೆಯಾಡಿಸಿದೆ.

ನೋಡುವುದಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಅತ್ತಿ ಅಲ್ಲಿಯ ರೀತಿ ರಿವಾಜುಗಳನ್ನೂ ಇಲ್ಲಿಗೆ ತಂದಳು. ಬೆಳಗಾವಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಅತ್ತಿ, ಎದುರಿಗೆ ಬೀಗರು. ಬಾಸುಂದಿ ಬಡಿಸಿದರು. ಅತ್ತಿ ಸೆರಗಿನ ಗಂಟು ಬಿಚ್ಚಿ ಪುಟ್ಟ ಬೆಳ್ಳಿ ಚಮಚ ತೆಗೆದಳು. ಬಾಸುಂದಿಯಲ್ಲಿ ಅದ್ದಿದಳು. ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು. ಚೀನಾದಲ್ಲಿ ವಿಷ ಹಾಕಿದ್ದರೆ ಬೆಳ್ಳಿ ಕಪ್ಪಾಗುತ್ತದಂತೆ! ಎದುರಿನ ಬೀಗಿತ್ತಿಯ ಕೈತುತ್ತು ಅರ್ಧದಾರಿಯಲ್ಲೇ ನಿಂತಿತು.

"ಏನ್ರೀ ಅದು?"

"ಏನಿಲ್ರೀ, ಕೇಸರಿ ಎಷ್ಟ ಹಾಕ್ಯಾರ ನೋಡಿದೆ," ಎಂದಳು ಅತ್ತಿ, ಒಂದು ಚೂರೂ ನಾಚದೆ. "ಕಡಿಮಿ ಐತಿ."

ವಿಷದ ಆರೋಪವಾದರೂ ವಾಸಿಯಿತ್ತು. ಕೇಸರಿ ಕಡಿಮೆ ಎಂದದ್ದಕ್ಕೆ ಆ ಬೀಗಿತ್ತಿ ಇವತ್ತಿಗೂ ನಮ್ಮನ್ನು ಮಾತಾಡಿಸುವುದಿಲ್ಲ.

ಇನ್ನು ಮಾಮಾ. ಮೂವತ್ತು ವರ್ಷ ಖಾನಾಪುರದ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದವರು. ಕರಡಿ ಅಡ್ಡ ಬಂದರೆ "ಬಾಜೂಕ ಸರಿಯಪಾ" ಎಂದು ದಾರಿ ಬಿಡಿಸಿಕೊಂಡು ಬಂದವರೆಂದು ಹೆಸರು. ನೆಲದ ಮೇಲಿನ ಹೆಜ್ಜೆ ನೋಡಿ ಪ್ರಾಣಿ ಯಾವುದು, ಎತ್ತ ಹೋಯಿತು, ಹೊಟ್ಟೆ ತುಂಬಿತ್ತೋ ಹಸಿದಿತ್ತೋ ಎಲ್ಲ ಹೇಳುತ್ತಾರೆ. ನಿವೃತ್ತಿಯಾದ ಮೇಲೆ ಪ್ರಾಣಿಗಳು ಸಿಗದೆ ಅಂಗಳದಲ್ಲಿ ಓಣಿಯವರ ಹೆಜ್ಜೆ ಓದುತ್ತಾರೆ: "ಹಾಲಿನಾಂವ ಇವತ್ತ ಹೊಸಾ ಬೂಟ ಹಾಕ್ಯಾನ. ಎಡಗಾಲ ಕಚ್ಚತೈತಿ ಅವಂಗ."

ಇಂಥ ಗಂಡಸು ಸೂಜಿ ಕಂಡರೆ ಮಾತ್ರ ಬೆವರುತ್ತಾರೆ. ಬೆಳಗಾವಿಯ ಡಾಕ್ಟರು ಆರು ತಿಂಗಳ ಹಿಂದೆಯೇ ಸ್ಪಷ್ಟವಾಗಿ ಹೇಳಿದ್ದರು: ಎದೆಯೊಳಗಿನ ಕವಾಟವೊಂದು ಸವೆದಿದೆ, ಆಪರೇಶನ್ ಮಾಡಿ ಬದಲಿಸಬೇಕು, ತಡ ಮಾಡಿದಷ್ಟೂ ಜೀವಕ್ಕೆ ಅಪಾಯ. ಮಾಮಾ ಮೊದಲು ಶ್ರಾವಣ ಎಂದರು. ಆಮೇಲೆ ಪಿತೃಪಕ್ಷ ಎಂದರು. ಆಮೇಲೆ ದೀಪಾವಳಿ ಮುಂದಿದೆ ಎಂದರು. ಮಾಳಿಗೆಯ ಮೆಟ್ಟಿಲು ಹತ್ತುವಾಗ ನಾಲ್ಕನೆಯದಕ್ಕೆ ನಿಂತುಬಿಡುತ್ತಿದ್ದರು.

"ಏನ್ ನೋಡಾಕತ್ತೀರಿ ಮಾಮಾ?"

"ಗ್ವಾಡಿ ಬಣ್ಣ ಹಾರೇತಿ ನೋಡು."

ದಮ್ಮು ಹತ್ತಿರುತ್ತಿತ್ತು ಅಷ್ಟೇ. ಗೋಡೆಯ ಬಣ್ಣ ಚೆನ್ನಾಗಿಯೇ ಇತ್ತು.

ಹೀಗಿರುವಾಗ, ಕೊನೆಯದರ ಹಿಂದಿನ ಕಂತಿನಲ್ಲಿ, ಲಿಂಗಣ್ಣನಿಗೆ ಬಾಣ ಬಿತ್ತು. ಅದೂ ಎಲ್ಲಿ? ಎದೆಗೆ! ಯುದ್ಧಭೂಮಿಯ ಡೇರೆಯಲ್ಲಿ ಅವನನ್ನು ಮಲಗಿಸಿ, ವೈನಿ ಕೈಯಲ್ಲಿ ಚಾಕು ಹಿಡಿದು, "ಎದೆ ಕೊಯ್ಯದೆ ಬಾಣ ಬರುವುದಿಲ್ಲ" ಎನ್ನುವಲ್ಲಿಗೆ ಕಂತು ಮುಗಿಯಿತು. ಅಲ್ಲಿಯ ತನಕ ಪೇಪರ್ ಅಡ್ಡ ಹಿಡಿದು "ನಾ ಇಂಥಾವೆಲ್ಲಾ ನೋಡಂಗಿಲ್ಲ" ಎನ್ನುತ್ತ ಒಂದು ಕಂತೂ ಬಿಡದೆ ನೋಡಿದ್ದ ಮಾಮಾ ಪೇಪರ್ ಕೆಳಗಿಟ್ಟರು.

ನಮ್ಮ ಈ ಕಡೆಯ ಊರುಗಳಲ್ಲಿ ದೊಡ್ಡ ಕೆಲಸಕ್ಕೆ ಮುಂಚೆ ದೇವರ ಮುಂದೆ ಕೌಲು ಹಚ್ಚುವ ಪದ್ಧತಿ ಉಂಟು. ದೇವರ ಮೈಮೇಲೆ ಹೂವು ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ಮಾಮಾ ದೇವರನ್ನು ಬಿಟ್ಟು ಚೀನಾಕ್ಕೆ ಕೌಲು ಹಚ್ಚಿದರು.

"ಹಿಂಗ ಮಾಡೂಣು. ಎದಿ ಕೊಯ್ದಮ್ಯಾಲ ಆಂವ ಉಳದಾ ಅಂದ್ರ ನಾನೂ ಹೊಕ್ಕೀನಿ ದವಾಖಾನಿಗೆ. ಸತ್ತಾ ಅಂದ್ರ ಈ ಮಾತ ಇನ್ನ ತಗೀಬಾರದು ಯಾರೂ."

ಯಾರಾದರೂ ತಲೆ ಸರಿ ಇದ್ದವರು ಇದಕ್ಕೆ ಒಪ್ಪುತ್ತಾರೆಯೇ? ಅತ್ತಿ ಒಪ್ಪಿದಳು! ನಲವತ್ತು ಕಂತು ಕಾಯ್ದವಳು ಅವಳು. ಲಿಂಗಣ್ಣನ ಮೇಲೆ ಅಷ್ಟು ನಂಬಿಕೆ.

ಆದರೆ ವಿಧಿ ನೋಡಿ, ಕೊನೆಯ ಕಂತಿಗೆ ಹಿಂದಿ ಇರಲಿಲ್ಲ. ಮಾತೆಲ್ಲ ಚೀನಿ, ಕೆಳಗೆ ಇಂಗ್ಲಿಷ್ ಅಕ್ಷರ. ಭಾನುವಾರ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು.

"ಯವ್ವಾ, ಒಂದ ಊದಿನಕಡ್ಡಿ ಸುಡೂ ಹೊತ್ತಿನ್ಯಾಗ ಬಾ!"

ಅರಮನೆಯವರು ಹೊತ್ತು ಅಳೆಯುವುದು ಹಾಗಂತೆ. ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು. ಅಷ್ಟು ಹೊತ್ತು ಉರಿಯುವ ಊದಿನಕಡ್ಡಿ ಯಾವ ಅಂಗಡಿಯಲ್ಲಿ ಸಿಗುತ್ತದೋ ನನಗೆ ಗೊತ್ತಿಲ್ಲ. ಹೋಗಿ ಮುಟ್ಟುವಷ್ಟರಲ್ಲಿ ಅತ್ತಿ ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡು ತಯಾರಾಗಿದ್ದಳು. ಬಾಜು ಮನೆಯ ಖಾಲಾ, ಅತ್ತಿಯ ಹಳೆಯ ಗೆಳತಿ, ತಟ್ಟೆ ತುಂಬ ಹುರಿದ ಶೇಂಗಾ ತಂದಿದ್ದಳು. ಮಾಮಾ ಪೇಪರ್ ಸಹ ಹಿಡಿದಿರಲಿಲ್ಲ.

ನಾನು ಟಿವಿ ಪಕ್ಕ ನಿಂತು, ಪುರಾಣ ಹೇಳುವವರ ಹಾಗೆ, ಸಾಲು ಸಾಲು ಓದಿ ಕನ್ನಡದಲ್ಲಿ ಹೇಳತೊಡಗಿದೆ. ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ್ದು ಬಹುಶಃ ಇದಕ್ಕೇ ಇರಬೇಕು.

"ವೈನಿ ಅನ್ನತಾಳ, 'ನಿನ್ನ ಎದೆಯಲ್ಲಿ ನನ್ನ ಹತ್ತು ಸಾವಿರ ವಸಂತಗಳಿವೆ.'"

"ಅಷ್ಟ ವಸಂತ ತುರುಕಿದ್ರ ಬಾಣಕ್ಕ ಜಾಗಾ ಎಲ್ಲಿ ಸಿಕ್ತು?" ಎಂದರು ಮಾಮಾ.

"ಸುಮ್ನ ಕುಂದರ್ರಿ!" ಎಂದರು ಹೆಂಗಸರಿಬ್ಬರೂ.

ವೈನಿ ಎದೆ ಕೊಯ್ದಳು. ಮಾಮಾ ಕಣ್ಣು ಮುಚ್ಚಿಕೊಂಡರು. ಬಾಣ ಬಂತು. ಲಿಂಗಣ್ಣ ಅವಳ ಮುಖ ನೋಡಿ ನಕ್ಕ. ಅವನ ಕೈ ಮಂಚದಿಂದ ಕೆಳಗೆ ಜಾರಿತು. ಪರದೆ ಬೆಳ್ಳಗಾಯಿತು. ಆಮೇಲೆ ಮುಂದಿನ ವರ್ಷ ಎಂದು ಅಕ್ಷರ ಬಂತು. ನೆಲದ ತುಂಬ ಹಿಮ, ಒಂದು ಹೂಬಿಟ್ಟ ಮರ, ಉದುರುವ ಪಕಳೆ. ವೈನಿ ನಡೆದು ಬಂದು ನಿಂತಳು. ಮರದ ಕೆಳಗೆ ಬಿಳಿ ಬಟ್ಟೆಯ ಎತ್ತರದ ಗಂಡಸು, ಬೆನ್ನು ನಮ್ಮ ಕಡೆಗೆ. ವೈನಿ ನಕ್ಕಳು. ಅವನು ತಿರುಗುತ್ತಾನೆ, ತಿರುಗುತ್ತಾನೆ ಎನ್ನುವಷ್ಟರಲ್ಲಿ ನಟರ ಹೆಸರುಗಳು ಮೇಲೇರತೊಡಗಿದವು. ಮುಗಿಯಿತು!

"ಯಾ ಅಲ್ಲಾ! ಇದೆಂಥಾ ಆಖ್ರಿ?" ಖಾಲಾಳ ಕೈಯಲ್ಲಿನ ಶೇಂಗಾ ಚೆಲ್ಲಿತು.

"ಮಾರಿ ತೋರಿಸಲಿಲ್ಲಲ್ಲ ಭಾಡ್ಯಾಗೋಳು!" ಅತ್ತಿ ಎದ್ದು ನಿಂತಳು. "ಯವ್ವಾ, ಕೆಳಗ ಮಂದಿ ಏನರೇ ಬರದಿರತಾರಲ್ಲ, ಅದನ್ನ ಓದು."

ಮೊಬೈಲು ತೆಗೆದು ಓದಿದೆ. ಜಗತ್ತೇ ಎರಡಾಗಿತ್ತು. ಬದುಕಿದ್ದಾನೆ ಎಂದು ಒಬ್ಬರು, ಅದು ಅವಳ ಕನಸು ಎಂದು ಇನ್ನೊಬ್ಬರು, ಕಥೆ ಬರೆದವನ ವಿಳಾಸ ಕೊಡಿ ಎಂದು ಮತ್ತೊಬ್ಬರು. ಒಬ್ಬಾಕೆ ಮೂರು ದಿನದಿಂದ ಊಟ ಬಿಟ್ಟಿದ್ದೇನೆ ಎಂದು ಬರೆದಿದ್ದಳು.

"ಪಾಪ, ಯಾವೂರಾಕಿ?"

"ಗೊತ್ತಿಲ್ಲ ಅತ್ತಿ. ಬ್ರೆಜಿಲ್ ಇರಬೇಕು."

"ಎರಡ ತುತ್ತು ಮಜ್ಜಿಗಿ ಅನ್ನಾ ಆದ್ರೂ ಉಣ್ಣು ಅಂತ ಬರಿ ಅಕಿಗೆ. ನಾ ಹೇಳೇನಂತ ಬರಿ."

ಬರೆದೆ. ಬ್ರೆಜಿಲಿನಲ್ಲಿ ಮಜ್ಜಿಗೆಗೆ ಏನನ್ನುತ್ತಾರೋ!

ಅಷ್ಟರಲ್ಲಿ ಮಾಮಾ ಎದ್ದರು. "ಅದನ್ನ ಹಿಂದಕ ಹೊಡಿ. ಆ ಗಿಡಾ ಬಂದಕೂಡ್ಲೆ ನಿಲ್ಲಸು." ಕನ್ನಡಕ ಏರಿಸಿ, ಟಿವಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕಾಡಿನಲ್ಲಿ ಹಾಗೆಯೇ ಕೂರುತ್ತಿದ್ದರಂತೆ. ಪರದೆಯ ಹಿಮದ ಮೇಲೆ ನಿಧಾನ ಬೆರಳಾಡಿಸಿದರು. ನಾವು ಮೂವರೂ ಅವರ ಹೆಗಲ ಹಿಂದಿನಿಂದ ಬಗ್ಗಿ ನೋಡಿದೆವು.

"ಇವು ಅಕೀ ಹೆಜ್ಜಿ. ಇಲ್ಲಿಂದ ಬಂದಾಳ, ಇಲ್ಲಿ ನಿಂತಾಳ. ಆಂವಂದು ಒಂದೂ ಹೆಜ್ಜಿ ಇಲ್ಲ."

"ಹಿಮಾ ಬಿದ್ದು ಮುಚ್ಚಿರಬೇಕು," ಎಂದಳು ಅತ್ತಿ.

"ಅಕೀವು ಯಾಕ ಮುಚ್ಚಿಲ್ಲ?"

"ಹಾರಿ ಬಂದಿರಬೇಕ್ರೀ ಭಾಯಿಜಾನ್," ಎಂದಳು ಖಾಲಾ. "ಹ್ವಾದ ವಾರ ಮನಿ ಮ್ಯಾಲಿಂದ ಮನೀಗೆ ಹಾರಿದ್ದಿಲ್ಲೇನು?"

"ಹಾರಾಂವಗ ಬಾಣ ಹೆಂಗ ತಾಕ್ತು?"

"ಮಾಮಾ, ಚಿತ್ರ ತೆಗೆಯೋರು ಮರೆತಿರತಾರ," ಎಂದು ನಾನೂ ಒಂದು ಕಲ್ಲು ಒಗೆದೆ. ಮಾಮಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೂವತ್ತು ವರ್ಷದಲ್ಲಿ ನೆಲ ಅವರಿಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

"ಸತ್ತಾನ," ಎಂದರು. ಮೆಲ್ಲಗೆ ಎದ್ದು, ಗೋಡೆ ಹಿಡಿದು ಸ್ವಲ್ಪ ನಿಂತು, ಒಳಗಿನ ಮಂಚಕ್ಕೆ ಹೋಗಿ ಮಲಗಿದರು. ಖಾಲಾ ಶೇಂಗಾ ಆಯ್ದುಕೊಂಡು ಮನೆಗೆ ಹೋದಳು. ನನಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಇಷ್ಟು ಹೊತ್ತು ನಕ್ಕದ್ದು ಯಾವುದಕ್ಕೆ ಎನ್ನಿಸಿತು.

ಅತ್ತಿ ಪರದೆಯ ಮೇಲಿನ ಆ ಬೆನ್ನನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಟಿವಿ ಆರಿಸಿ ಒಳಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ. ಅವಳು ಮಂಚದ ತುದಿಗೆ ಕೂತು ಮಾತಾಡಿದಳು. ಅಷ್ಟು ಸಣ್ಣ ದನಿ ಅವಳಿಗೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಆಂವ ಸಾಯಲಿ, ಇರಲಿ. ಚಾಕು ಹಿಡದು ನಿಂತಿದ್ಲಲ್ಲ ಅಕಿ, ಅಕಿಗೆ ಅಂಜಿಕಿ ಇರಲಿಲ್ಲೇನ್ರಿ? ನಿಮಗೊಬ್ಬರಿಗೇ ಐತಿ ಅಂತ ತಿಳದೀರಿ? ಚೀನಾ ನೋಡೂ ಹೌಸಿ ನನಗ ಎಲ್ಲಿಂದ ಬರಬೇಕು? ಡಾಕ್ಟರ ಹೇಳಿದ ದಿನದಿಂದ ನಿದ್ದಿ ಇಲ್ಲ. ಕಣ್ಣ ಮುಚ್ಚಿದ್ರ ನಿಮ್ಮ ಎದಿ ನಿಂತಂಗ ಆಕೈತಿ. ಅದಕ್ಕ ಅದನ್ನ ಹಚ್ಚಕೊಂಡ ಕುಂದ್ರತೀನಿ. ಅದು ಮುಗದಮ್ಯಾಲ ನಿಮ್ಮ ಉಸರು ಎಣಸಕೋತ ಬಿದ್ದಿರತೀನಿ."

ಮಾಮಾ ಗೋಡೆಯ ಕಡೆ ಮುಖ ಮಾಡಿಯೇ ಇದ್ದರು. ಹಾಗೆಯೇ ಕೇಳಿದರು:

"ಎಷ್ಟ ಆಕ್ಕಾವು?"

"ಏನು?"

"ಉಸರು. ಒಂದ ರಾತ್ರಿಗೆ."

"ಯಾರಿಗೊತ್ತು. ನಡಕ ಜೋಂಪ ಹತ್ತತೈತಿ. ಎಚ್ಚರಾದಕೂಡ್ಲೆ ಮತ್ತ ಒಂದರಿಂದ ಸುರು ಮಾಡತೀನಿ."

ಮಾಮಾ ಎದ್ದು ಕೂತರು. ಹೆಂಡತಿಯ ಮುಖ ನೋಡಲಿಲ್ಲ, ನನ್ನನ್ನು ನೋಡಿದರು. "ತಂಗಿ, ಆ ದವಾಖಾನಿಗೆ ಫೋನ ಹಚ್ಚು," ಎಂದರು.

ಆಪರೇಶನ್ ಆಯಿತು. ಐದನೆಯ ದಿನ ಮಧ್ಯಾಹ್ನ ಮಾಮಾನನ್ನು ವಾರ್ಡಿಗೆ ತಂದಿದ್ದರು. ಊಟದ ಡಬ್ಬಿ ಹಿಡಿದು ಹೋದೆ. ಅತ್ತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಲ್ಲೇ, ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಆರು ತಿಂಗಳ ನಿದ್ದೆ. ಮಾಮಾ ಎಚ್ಚರವಿದ್ದರು. ಮೂಗಿಗೆ ನಳಿಕೆ, ಎದೆಗೆ ಪಟ್ಟಿ. ಕಣ್ಣು ಮಾತ್ರ ಅತ್ತಿಯ ಮೇಲೆ. ಅವಳ ಎದೆ ಏರಿಳಿದ ಹಾಗೆ ಅವರ ತುಟಿ ಅಲ್ಲಾಡುತ್ತಿತ್ತು. ಡಬ್ಬಿ ಕೆಳಗಿಟ್ಟೆ. "ಮಾಮಾ, ಹೆಂಗದೀರಿ?" ಎಂದೆ.

ಸೂಜಿ ಚುಚ್ಚಿದ ಕೈಯನ್ನೇ ಮೆಲ್ಲಗೆ ಎತ್ತಿ ಅವರು ನನ್ನನ್ನು ತಡೆದರು.

"ಮಾತಾಡಸಬ್ಯಾಡ ತಂಗಿ. ಲೆಕ್ಕ ತಪ್ಪತೈತಿ."